ಬುಧನಿಯ ಮಾತು, ಲೌಟನನ ಬಾಯಿ

ಲೌಟನ್ ಮಾಸ್ತರ ತೊಟ್ಟಿದ್ದ ಕೋಟು ಅವನದಲ್ಲ ಅನ್ನುವುದು ನೇಪಾಲ್‌ಗಂಜಿನ ಆ ಹೋಟೆಲಿನ ಗೇಟಲ್ಲಿ ಮಲಗಿದ್ದ ನಾಯಿಗೂ ಗೊತ್ತಾಗುವಂತಿತ್ತು. ತೋಳು ಬೆರಳ ತುದಿಯವರೆಗೆ ಇಳಿಬಿದ್ದಿತ್ತು.

"ಯಾರ ಮದುವೆ ಕೋಟು ಮಾಸ್ಟ್ರೇ ಇದು?" ಮೆಟ್ಟಿಲ ಮೇಲೆ ಕೂತು ಅಕ್ಕಿಹಿಟ್ಟಿನ ಢಿಕ್ರಿ ಮುರಿಯುತ್ತಾ ಬುಧನಿ ಕೇಳಿದಳು. ಕಣ್ಣಂಚಿನಲ್ಲಿ ನಗು.

"ಹೆಡ್‌ಮಾಸ್ಟರದು. ನನ್ನ ಮದುವೆಗೂ ಇದನ್ನೇ ಕೇಳಿಟ್ಟಿದೀನಿ. ಹೆಣ್ಣು ಹ್ಞೂಂ ಅಂದ್ರೆ ಸಾಕು."

"ಇವತ್ತು ಹೇಳ್ತೀನಿ ಅಂದಿದಾಳಲ್ಲ."

"ಹದಿನೈದು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ ಕಣೆ."

"ಪಾಪ! ನಾಲ್ಕು ಢಿಕ್ರಿ ಮಾತ್ರ ಚೆನ್ನಾಗಿ ಇಳೀತು."

ಅವನೂ ನಕ್ಕ. ನಗುತ್ತಲೇ ಅವಳ ಕೈಯ ಕೆಂಪು ಬಳೆಗಳನ್ನು ನೋಡಿದ. ಹದಿಮೂರು ವರ್ಷದ ಹಿಂದೆ ಸಮವಸ್ತ್ರದವರು ಅವಳ ಗಂಡ ಸುಖಲಾಲನನ್ನು ಕಣದಿಂದಲೇ ಎಳೆದೊಯ್ದಿದ್ದರು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಬುಧನಿ ಮೂಲೆ ಹಿಡಿದು ಕೂರಲಿಲ್ಲ. ಊರೂರು ಸುತ್ತಿ ಹೀಗೆ ಕಾಣೆಯಾದ ನಲವತ್ತಮೂರು ಜನರ ಹೆಸರು ಕಲೆಹಾಕಿದಳು, ಬೆದರಿಸಿದವರ ಎದುರೇ ಅರ್ಜಿ ಹಿಡಿದು ನಿಂತಳು. ಆ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ಲೌಟನ್. ಬರೆಯುತ್ತಾ ಬರೆಯುತ್ತಾ ಅವಳಿಗೇ ಮನಸ್ಸು ಕೊಟ್ಟು ಕೂತ, ಪುಣ್ಯಾತ್ಮ!

ಒಳಗೆ ಮೂವರು ವಿದೇಶಿಯರು ಕಾಯುತ್ತಿದ್ದರು. ಹಕ್ಕುಗಳಿಗಾಗಿ ಹೋರಾಡುವವರ ಸಾಕ್ಷ್ಯವನ್ನು ಅವರ ಬಾಯಿಂದಲೇ ಕೇಳಲು ಬಂದವರು. ಅವರಿಗೆ ಅವಳ ಥಾರೂ ಭಾಷೆ ಬಾರದು, ಬುಧನಿಗೆ ಇಂಗ್ಲಿಷ್ ಬಾರದು. ನಡುವೆ ದುಭಾಷಿಯಾಗಿ ಕೂರುವವನಿಗೆ ಒಂದು ಕಟ್ಟಳೆ: ಸಾಕ್ಷಿ ಹೇಳಿದ್ದನ್ನು ತಾನೇ ಆ ಸಾಕ್ಷಿ ಎಂಬಂತೆ 'ನಾನು' ಎಂದೇ ಹೇಳಬೇಕು, ಕೂಡಿಸಬಾರದು, ಬಿಡಬಾರದು. "ನನ್ನ ಗಂಡನನ್ನು ಎಳೆದೊಯ್ದರು" ಎಂದು ಲೌಟನ್ ಆರು ವರ್ಷದಿಂದ ತನ್ನ ಗಡಸು ದನಿಯಲ್ಲಿ ಹೇಳುತ್ತ ಬಂದಿದ್ದ.

ಎಲ್ಲ ಮುಗಿದ ಮೇಲೆ ಬೆಳ್ಳಿಗೂದಲ ಹೆಂಗಸು ಕೇಳಿದಳು, "ನಿನಗೋಸ್ಕರ ನಿನಗೇನು ಬೇಕು?"

ಬುಧನಿ ಅವನನ್ನು ನೋಡಲಿಲ್ಲ. "ನನ್ನನ್ನ ಒಬ್ಬರು ಕೇಳಿದಾರೆ. ನನಗೂ ಅವರಂದ್ರೆ ಪ್ರಾಣ. ಅವರ ಒಲೆ ಮುಂದೆ ಕೂರೋ ಆಸೆ ಇದೆ, ಸುಳ್ಳು ಯಾಕೆ ಹೇಳ್ಲಿ."

ಲೌಟನ್ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದ. ಸಂತೋಷಕ್ಕೆ ದನಿ ನಡುಗಿತು.

"ಆದ್ರೆ ಗಂಡ ಕಾಣೆಯಾಗಿದ್ದ ಪಕ್ಕದೂರಿನ ಫುಲಮತಿ ಮರುಮದುವೆ ಆದ್ಳು. ಆಫೀಸಿನವರು ಏನಂದ್ರು? 'ಹೆಂಡ್ತೀನೇ ಅವನು ಸತ್ತ ಅಂತ ಒಪ್ಕೊಂಡ್ಳಲ್ಲ' ಅಂತ ಫೈಲು ಮುಚ್ಚಿದ್ರು. ನಾನೂ ಹಾಗೇ ಮಾಡಿದ್ರೆ ನಲವತ್ತಮೂರು ಫೈಲಿಗೂ ಅದೇ ಗತಿ. ಅದಕ್ಕೇ, ಆಗಲ್ಲ. ಅವರು ಇನ್ಮೇಲೆ ಕೇಳಬಾರದು."

ಆ ಕೊನೆಯ ಮಾತು ನುಂಗಿದ್ದರೆ ಯಾರಪ್ಪನಿಗೆ ಗೊತ್ತಾಗುತ್ತಿತ್ತು? ಬುಧನಿ ಈಗ ಅವನ ತುಟಿಯನ್ನೇ ನೋಡುತ್ತಿದ್ದಳು. ಲೌಟನ್ ಎಲ್ಲವನ್ನೂ ಹೇಳಿದ. "ಆಗುವುದಿಲ್ಲ. ಅವರು ಇನ್ನು ಮುಂದೆ ಕೇಳಬಾರದು." ತನ್ನನ್ನು ತಾನೇ, ತನ್ನ ಬಾಯಿಂದಲೇ ಬೇಡವೆಂದ.

ಬರೆದುಕೊಂಡ ಹೆಂಗಸು ಮೆಲ್ಲಗೆ ಕೇಳಿದಳು, "ಆ ಮನುಷ್ಯನ ಹೆಸರು ಹಾಕಬಹುದೇ?"

"ಬೇಡ ಅನ್ನಿ," ಎಂದಳು ಬುಧನಿ.

"ಬೇಡ," ಎಂದ ಲೌಟನ್.

ಹೊರಗೆ ಬಿಸಿಲು ರಾಚುತ್ತಿತ್ತು. "ಊರಲ್ಲೇ ಹೇಳ್ಬಹುದಿತ್ತಲ್ಲೇ," ಅವನಿಗೆ ಅಳು ಒತ್ತಿಬಂತು. "ಅವರ ಮುಂದೆ ಯಾಕೆ?"

"ನಿಮ್ಮೊಬ್ಬರ ಮುಂದೆ ನಿಂತಿದ್ರೆ ಹ್ಞೂಂ ಅಂದುಬಿಡ್ತಿದ್ದೆ."

ಅವಳು ಅವನ ಕೋಟಿನ ಇಳಿಬಿದ್ದ ತೋಳನ್ನು ಎರಡು ಮಡಿಕೆ ಮಡಚಿದಳು. ಬಳೆಗಳು ಸದ್ದು ಮಾಡಿದವು. ಹದಿಮೂರು ವರ್ಷದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೊಂದೇ ಸಲ.

"ಕಾರ್ತಿಕದಲ್ಲಿ ಇನ್ನೊಂದು ತಂಡ ಬರುತ್ತಂತೆ ಮಾಸ್ಟ್ರೇ. ನೀವೇ ಬರ್ಬೇಕು. ಬೇರೆಯವರು ಅರ್ಧಂಬರ್ಧ ಹೇಳ್ತಾರೆ."

"ಅವರೂ ಇದನ್ನೇ ಕೇಳಿದ್ರೆ?"

"ಕೇಳಿದ್ರೆ ಹೇಳ್ಬೇಕಲ್ಲ."

"ಬರ್ತೀನಿ," ಎಂದ. ಕೋಟು ಬಿಚ್ಚಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡ. ಸಂಜೆಯೊಳಗೆ ಅದನ್ನು ಹೆಡ್‌ಮಾಸ್ಟರಿಗೆ ವಾಪಸ್ಸು ಕೊಡಬೇಕಿತ್ತು.