ಸೃಷ್ಟಿಯ ಗಾಡಿಯ ಸದ್ದು

ಸೃಷ್ಟಿ ನಟ್ಟು ಬಿಚ್ಚುವ ಪಾನಾದಿಂದ ಸೂಗಪ್ಪನ ಹಣೆಗೆ ಹೊಡೆದದ್ದು ಬೇಕಂತಲೇ. ಕೈ ಜಾರಿತು, ಗುರಿ ತಪ್ಪಿತು ಎಂದೆಲ್ಲ ಆಮೇಲೆ ಗಲ್ಲಿಯ ಜನ ಅವಳ ಪರವಾಗಿ ಹೇಳಿದರು. ಅವಳು ಮಾತ್ರ ಹಾಗೆ ಹೇಳಲಿಲ್ಲ.

ಕಲಬುರಗಿಯ ಶಹಾಬಜಾರದಲ್ಲಿ ಇಮಾಮುದ್ದೀನನ ಗ್ಯಾರೇಜಿನ ಮುಂದೆ ಪಿಕಪ್ ನಿಲ್ಲಿಸಿದವಳು ಇಂಜಿನ್ ಕೂಡ ಆರಿಸದೆ ಕೆಳಗೆ ಹಾರಿದಳು. ನೆಲದ ಮೇಲೆ ಬಿದ್ದಿದ್ದ ಪಾನಾ ಎತ್ತಿಕೊಂಡು ನೆಟ್ಟಗೆ ನಡೆದಳು. ಮೆಕ್ಯಾನಿಕ್ ಸೂಗಪ್ಪ ಎಂದಿನಂತೆ ಚಹಾದ ಕಪ್ಪು ಹಿಡಿದು ಮೊದಲೇ ಬಾಗಿಲಲ್ಲಿ ನಿಂತಿದ್ದ. ಅವಳನ್ನು ಕಂಡು ನಕ್ಕ. ಆ ನಗುವಿನ ಮೇಲೆಯೇ ಏಟು ಬಿತ್ತು.

"ನನ್ನ ಗಾಡಿ ಸೊಂಟ ಮುರದೀ," ಎಂದಳು. "ಈಗ ನಿನ್ನ ತಲಿ ಒಡೀತೀನಿ."

ಹುಬ್ಬಿನ ಮೇಲೆ ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಮುದುಕ ಇಮಾಮುದ್ದೀನ್ ಎದ್ದು ಬಂದು ಅವಳ ಕೈಯಿಂದ ಪಾನಾ ಕಿತ್ತುಕೊಂಡ. "ಬೇಟಿ, ತಲಿ ಒಡದ್ರ ಫಿಟಿಂಗ್ ಯಾರ್ ಮಾಡಬೇಕು?" ಎಂದ. ತನ್ನ ಕೆಲಸಗಾರನ ಜೀವಕ್ಕಿಂತ ಅವನಿಗೆ ಬಾಕಿ ಉಳಿದ ಕೆಲಸದ ಚಿಂತೆಯೇ ಹೆಚ್ಚಿದ್ದಂತಿತ್ತು.

ಸೃಷ್ಟಿಗೆ ಕಾರಣವಿತ್ತು. ಹಿಂದಿನ ದಿನ ಕಮಲಾಪುರದ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೊರಟವಳು ಊರಾಚೆಯ ಏರಿನಲ್ಲಿ ಸಿಕ್ಕಿಬಿದ್ದಿದ್ದಳು. ಗಾಡಿ ಊರೆಲ್ಲ ಕೇಳುವಂತೆ ಗುಡುಗಿತು, ಕರಿ ಹೊಗೆ ಕಾರಿತು, ಹತ್ತಲಿಲ್ಲ. ಹಿಂದಕ್ಕೆ ಜಾರಿ ಹೊಲದ ಒಡ್ಡಿಗೆ ಬಡಿದು ಗೊನೆಗಳೆಲ್ಲ ಜಜ್ಜಿಹೋದವು. ಓಡಿಬಂದ ಅಣ್ಣ ಅರುಣಕುಮಾರ ಗಾಡಿಯನ್ನೂ ನೋಡಲಿಲ್ಲ, ಗೊನೆಗಳನ್ನೂ ನೋಡಲಿಲ್ಲ. ನೆರೆದ ಜನರೆದುರು ತಂಗಿಯ ಕೆನ್ನೆಗೆ ಬಾರಿಸಿದ. ಹೆಣ್ಣಿನ ಕೈಗೆ ಸ್ಟೇರಿಂಗ್ ಕೊಟ್ಟದ್ದೇ ತಪ್ಪು, ಇನ್ನು ಡ್ರೈವರ್ ಇಡುತ್ತೇನೆ ಎಂದ.

ಅಪ್ಪ ತೀರಿಕೊಂಡ ಮೇಲೆ ಸೃಷ್ಟಿ ಆ ಮನೆಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದುದು ಆ ಗಾಡಿಯ ಬಲದಿಂದ. ಬಾಯಲ್ಲಿ ರಕ್ತದ ರುಚಿ ಇಟ್ಟುಕೊಂಡೇ ಅವಳು ಪಣ ಕಟ್ಟಿದಳು. ಶುಕ್ರವಾರ ಫುಲ್ ಲೋಡ್ ಹಾಕಿ ಇದೇ ಏರನ್ನು ಎಲ್ಲೂ ನಿಲ್ಲಿಸದೆ ಹತ್ತಿಸುತ್ತೇನೆ, ಹತ್ತಿದರೆ ಕೀಲಿ ನನ್ನದು, ಹತ್ತದಿದ್ದರೆ ನಿನ್ನದು ಎಂದಳು. ಸೋಲುತ್ತಾಳೆಂದು ಖಾತ್ರಿಯಿದ್ದ ಅಣ್ಣ ಎಲ್ಲರೆದುರು ಒಪ್ಪಿಕೊಂಡ.

ಗಾಡಿ ಮೊದಲು ಹೀಗಿರಲಿಲ್ಲ. ಅರುಣಕುಮಾರ ಶೋಕಿಗೆ ಬಿದ್ದು ಸೂಗಪ್ಪನ ಕೈಯಲ್ಲಿ ದಪ್ಪ ಪೈಪಿನ ಹೊಸ ಸೈಲೆನ್ಸರ್, ತೆರೆದ ಏರ್ ಫಿಲ್ಟರ್ ಹಾಕಿಸಿದ ಮೇಲೆ ಹೀಗಾಗಿತ್ತು.

ಸೂಗಪ್ಪ ಹಣೆಗೆ ಚಿಂದಿ ಕಟ್ಟಿಕೊಂಡು ಏನೂ ಆಗಿಲ್ಲವೆಂಬಂತೆ ಬಾನೆಟ್ ಎತ್ತಿದ. ಬಿಳಿಯಾಗಿರಬೇಕಾದ ಫಿಲ್ಟರ್ ಕೆಮ್ಮಣ್ಣು ಮೆತ್ತಿಕೊಂಡು ಕೂತಿತ್ತು. ಅದನ್ನು ಅವಳ ಮುಂದೆ ಕುಟ್ಟಿ ತೋರಿಸಿದ. ಕಂಪನಿಯ ಫಿಲ್ಟರ್ ಡಬ್ಬಿ ಹೊರಗಿನ ತಂಪು ಗಾಳಿ ಎಳೆಯುತ್ತಿತ್ತು, ಇದು ಇಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ, ಜೊತೆಗೆ ಧೂಳು ಎಂದ. ಹಳೆಯ ಇಂಜಿನ್, ಟರ್ಬೋ ಇಲ್ಲ, ಪೈಪ್ ದಪ್ಪವಾದರೆ ನಿಧಾನ ಹೋಗುವಾಗ ಹೊಗೆಗೆ ದಮ್ಮಿರುವುದಿಲ್ಲ. ಖಾಲಿ ಗಾಡಿ ಸಪಾಟು ರಸ್ತೆಯಲ್ಲಿ ತುಸು ಜೋರು ಓಡೀತು. ಲೋಡ್ ಹಾಕಿ ಏರು ಹತ್ತಿಸುವಾಗ ಸದ್ದಷ್ಟೇ ಇರುತ್ತದೆ, ಎಳೆತ ಇರುವುದಿಲ್ಲ.

"ಇಷ್ಟ್ ಗೊತ್ತಿದ್ದೂ ಯಾಕ ಹಾಕ್ದಿ?"

"ನಿಮ್ಮಣ್ಣಾರು ಕೇಳಿದ್ರು."

"ಅಂವ ವಿಷ ಕೇಳಿದ್ರ ಅದನ್ನೂ ಹಾಕ್ತಿದ್ದೇನು?"

ಸೂಗಪ್ಪ ಗಾಡಿಯ ಕೆಳಗೆ ತೂರಿಕೊಂಡ. ತೆಗೆದಿಟ್ಟಿದ್ದ ಹಳೆಯ ಸೈಲೆನ್ಸರ್, ಹಳೆಯ ಡಬ್ಬಿ ಎರಡನ್ನೂ ಅವನು ಗುಜರಿಗೆ ಹಾಕಿರಲಿಲ್ಲ. ಅಷ್ಟರಮಟ್ಟಿಗೆ ದೇವರು ಅವನಿಗೆ ಬುದ್ಧಿ ಕೊಟ್ಟಿದ್ದ.

ಅವನು ಕೈ ಚಾಚಿ ಕೇಳಿದ ಪಾನಾ ಬಿಟ್ಟು ಸೃಷ್ಟಿ ಬೇರೆಯದನ್ನೇ ಕೊಡುತ್ತ ಹೋದಳು. ಸಾಕಾಗಿ ಅವನು ತಲೆ ಹೊರಗೆ ಹಾಕಿದ. ಒಂದು ಕಣ್ಣು ರಕ್ತಕ್ಕೆ ಮುಚ್ಚಿಹೋಗಿತ್ತು, ಇನ್ನೊಂದು ನಗುತ್ತಿತ್ತು. ಈ ಮೊದಲು ಹೊಡೆದದ್ದು ಸಾಲದೇನ್ರೀ ಎಂದು ಕೇಳಿದ. ಸೂಗಪ್ಪ ಎಂದು ಅಜ್ಜನ ಕಾಲದ ಹೆಸರಿಟ್ಟುಕೊಂಡವರ ತಲೆ ಗಟ್ಟಿ, ಅಷ್ಟು ಏಟು ತಾಳುತ್ತದೆ ಬಿಡು ಎಂದಳು. ಹೇಳಿ ಮುಗಿಸುವ ಮೊದಲೇ ಮಂಡಿಯೂರಿ ಕೂತು, ಓಢಣಿಯ ತುದಿಯಿಂದ ಅವನ ಕಣ್ಣೊರೆಸಿದಳು. ಹೊಡೆದ ಕೈಗೆ ಇದೇನು ಬಂತು ಎಂದು ತನ್ನ ಮೇಲೆಯೇ ಸಿಟ್ಟಾಯಿತು. ಕೈ ಮಾತ್ರ ಅಲ್ಲೇ ಇತ್ತು. ಅವನೂ ಕಣ್ಣು ತೆರೆಯುವ ಅವಸರ ತೋರಿಸಲಿಲ್ಲ.

ಆಗಲೇ ಅರುಣಕುಮಾರ ಬಂದ. ಮೊಳೆಗೆ ತೂಗುಹಾಕಿದ್ದ ಕೀಲಿ ಕಾಣದೆ, ಇಬ್ಬರು ಹಮಾಲರನ್ನು ಕಟ್ಟಿಕೊಂಡು ಹುಡುಕುತ್ತ ಬಂದಿದ್ದ. ಬಿಚ್ಚಿಬಿದ್ದಿದ್ದ ದಪ್ಪ ಪೈಪ್ ನೋಡಿದ್ದೇ ಅವನ ಮುಖ ಕೆಂಪಾಯಿತು. ಕಮಲಾಪುರದಲ್ಲಿ ಆ ಸದ್ದು ಕೇಳಿದರೆ ಜನ ದಾರಿ ಬಿಡುತ್ತಿದ್ದರು. ಅದು ಅವನ ದೌಲತ್ತು.

ಹಮಾಲರು ಸೂಗಪ್ಪನ ಕಾಲು ಹಿಡಿದು ಗಾಡಿಯ ಕೆಳಗಿನಿಂದ ದರದರ ಎಳೆದರು. ಅರುಣಕುಮಾರ ಹೊಟ್ಟೆಗೆ ಒದ್ದ, ಪಕ್ಕೆಗೆ ಒದ್ದ. ನನ್ನ ಗಾಡಿಯ ಅವಾಜ್ ಬಿಚ್ಚಲಿಕ್ಕೆ ನೀನ್ಯಾರು ಎಂದು ಒಂದೊಂದು ಒದೆಗೂ ಕೇಳಿದ. ಬಿಡಿಸಲು ಹೋದ ಸೃಷ್ಟಿಯನ್ನು ಒಬ್ಬ ಹಮಾಲ ಗೋಡೆಗೊತ್ತಿ ಹಿಡಿದ.

ಸೂಗಪ್ಪ ಒಡೆದ ತುಟಿಯ ರಕ್ತ ಉಗುಳಿ, ಮೊಣಕೈ ಊರಿ ಎದ್ದು ಕೂತ.

"ಆ ಅವಾಜ್ ನಿಮ್ಮ ಸಲುವಾಗಿ ಮಾಡಿದ್ದಲ್ರೀ ಅಣ್ಣಾರ," ಎಂದ. "ನಿಮ್ಮ ತಂಗಿ ಗಾಡಿ ಜಗತ್ ಸರ್ಕಲ್ ದಾಟಿದ್ದು ನನಗಿಲ್ಲಿ ಕೇಳಲಿ ಅಂತ ಮಾಡಿದ್ದು. ಎಳೆತ ಹೋಗ್ತದಂತ ಗೊತ್ತಿತ್ತು. ಆದ್ರೂ ಮಾಡ್ದೆ."

ಯಾವತ್ತು ಬಂದರೂ ಇವನು ಚಹಾ ಹಿಡಿದು ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದುದು ಹೇಗೆಂದು ಸೃಷ್ಟಿಗೆ ಆಗ ತಿಳಿಯಿತು. ಇಂಥ ಹುಚ್ಚನನ್ನು ಇನ್ನೊಮ್ಮೆ ಹೊಡೆಯಬೇಕೆನ್ನಿಸಿತು, ಅಪ್ಪಿಕೊಂಡು ಅಳಬೇಕೆಂದೂ ಅನ್ನಿಸಿತು.

ಎರಡಕ್ಕೂ ಸಮಯವಿರಲಿಲ್ಲ. ಅರುಣಕುಮಾರ ಬೂಟುಗಾಲಿನಿಂದ ಸೂಗಪ್ಪನ ಬಲಗೈಯನ್ನು ನೆಲಕ್ಕೊತ್ತಿ ತಿರುವಿದ. ಬೆರಳು ಮುರಿದ ಸದ್ದು ಎಲ್ಲರಿಗೂ ಕೇಳಿತು. ಸೃಷ್ಟಿ ಹಮಾಲನ ಮಣಿಕಟ್ಟಿಗೆ ಹಲ್ಲೂರಿ ಬಿಡಿಸಿಕೊಂಡಳು. ಬಿದ್ದಿದ್ದ ಸೈಲೆನ್ಸರ್ ಪೈಪನ್ನು ಎರಡೂ ಕೈಯಲ್ಲಿ ಎತ್ತಿ, ಒಡಹುಟ್ಟಿದ ಅಣ್ಣನ ತೋಳಿನ ಮೇಲೆ ಬೀಸಿದಳು. ಎಲುಬು ಮುರಿಯಿತು. ಅವನು ಅಲ್ಲೇ ಕುಕ್ಕರಿಸಿದ. ಇಮಾಮುದ್ದೀನ್ ಸುತ್ತಿಗೆ ಹಿಡಿದು ಮುಂದೆ ಬಂದದ್ದು ನೋಡಿ ಹಮಾಲರು ಗಲ್ಲಿ ದಾಟಿದರು.

ಆಸ್ಪತ್ರೆಗೆ ಒಂದೇ ಆಟೋ ಸಿಕ್ಕಿತು. ಮುರಿದ ತೋಳಿನವನು ಒಂದು ಕಡೆ, ಮುರಿದ ಬೆರಳಿನವನು ಇನ್ನೊಂದು ಕಡೆ. ಮತ್ತೆ ಕೈ ಮಿಲಾಯಿಸದಂತೆ ಸೃಷ್ಟಿ ನಡುವೆ ಕೂತಳು. ಡಾಕ್ಟರು ಕೇಳಿದ್ದಕ್ಕೆ ಗಂಡಸರಿಬ್ಬರೂ ಬಿದ್ದೆವೆಂದರು. ಹೊರಗೆ ಬಂದ ಮೇಲೆ ಅಣ್ಣ ಅವಳಿಗೆ ಒಂದೇ ಮಾತು ಹೇಳಿದ: "ಪಣ ಕಟ್ಟೀನಿ, ಲೋಡ್ ತಡಿಯಂಗಿಲ್ಲ. ಅಂವ ಕಮಲಾಪುರಕ್ಕ ಕಾಲಿಟ್ರ ಜೀವಂತ ಬಿಡಂಗಿಲ್ಲ."

ಅವಳು ಅದನ್ನು ಸೂಗಪ್ಪನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಇಮಾಮುದ್ದೀನ್ ಉಳಿದ ಫಿಟಿಂಗ್ ತಾನೇ ಮುಗಿಸಿ ಶುಕ್ರವಾರ ಬೆಳಿಗ್ಗೆ ಗಾಡಿ ಕೊಟ್ಟಾಗ, ಸೂಗಪ್ಪ ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ಅವಳಿಗಿಂತ ಮೊದಲೇ ಬಂದು ಸೀಟಿನಲ್ಲಿ ಕೂತಿದ್ದ. ಇಳಿ ಎಂದರೆ ಇಳಿಯಲಿಲ್ಲ.

"ಗಾಡಿ ಕೆಡಿಸಿದಾವ ನಾನ. ಹತ್ತಲಿಲ್ಲಂದ್ರ ಇಳದು ನೂಕ್ತೀನಿ."

"ಒಂದ ಕೈಲೆ?"

"ಒಂದ ಕೈ ಸಾಕ್ರೀ ನಿಮ್ಮ ಗಾಡಿಗಿ."

ಕಮಲಾಪುರದಲ್ಲಿ ಗೊನೆಗಳು ಗಾಡಿಯ ಬೆನ್ನೇರಿದವು. ಏರು ಶುರುವಾಗುತ್ತಲೇ ಸೃಷ್ಟಿ ಸೆಕೆಂಡ್ ಗೇರಿಗೆ ಇಳಿಸಿ ಎಕ್ಸಲರೇಟರ್ ಒತ್ತಿಹಿಡಿದಳು. ಗುಡುಗಿಲ್ಲ, ಕರಿ ಹೊಗೆಯಿಲ್ಲ. ಗಾಡಿ ತಳದಿಂದ ದಮ್ಮು ಕಟ್ಟಿ ಎಳೆಯಿತು. ಅವಳ ಅಂಗಾಲಿಗೆ ಆ ಎಳೆತ ಗೊತ್ತಾಗಿ ಕಣ್ಣು ತುಂಬಿತು.

ಏರಿನ ನಡುವೆ ಅರುಣಕುಮಾರ ನಿಂತಿದ್ದ. ಬಲಗೈ ಪ್ಲಾಸ್ಟರಿನಲ್ಲಿತ್ತು, ಎಡಗೈಯಲ್ಲಿ ಕಲ್ಲಿತ್ತು. ಪಕ್ಕದ ಸೀಟಿನಲ್ಲಿ ಕೂತವನನ್ನು ಅವನು ಕಂಡ. ಕಾಲು ತೆಗೆದರೆ ಇಲ್ಲೇ ಗಾಡಿ ನಿಲ್ಲುತ್ತದೆ, ನಿಂತರೆ ಮತ್ತೆ ಹತ್ತುವುದಿಲ್ಲ, ಕೀಲಿಯೂ ಹೋಗುತ್ತದೆ, ಸೂಗಪ್ಪನೂ ಉಳಿಯುವುದಿಲ್ಲ. ಸೃಷ್ಟಿ ಕಾಲು ತೆಗೆಯಲಿಲ್ಲ.

ಕಲ್ಲು ಬಂತು. ಮುಂದಿನ ಗಾಜು ಪುಡಿಯಾಗಿ ಒಳಗೆ ಸುರಿಯಿತು. ಸೂಗಪ್ಪ ತನ್ನ ಬ್ಯಾಂಡೇಜಿನ ಕೈಯನ್ನು ಅವಳ ಮುಖಕ್ಕೆ ಅಡ್ಡ ಹಿಡಿದ. ಗಾಜು ಅದಕ್ಕೆ ನಾಟಿತು. ಬೆರಳುಗಳ ಸಂದಿಯಿಂದ ಅವಳು ರಸ್ತೆ ನೋಡಿದಳು. ಅಣ್ಣ ಇನ್ನೂ ಎದುರಿಗೇ ನಿಂತಿದ್ದ, ತಂಗಿ ನಿಲ್ಲಿಸುತ್ತಾಳೆಂದು ನಂಬಿದ್ದ. ಕೊನೆಯ ಗಳಿಗೆಯಲ್ಲಿ ಅವಳ ಮುಖ ನೋಡಿ ಪಕ್ಕಕ್ಕೆ ಹಾರಿದ. ಕನ್ನಡಿ ಅವನ ಭುಜಕ್ಕೆ ಬಡಿದು ಮುರಿಯಿತು. ಅವನು ಒಡ್ಡಿನ ಮೇಲೆ ಕೂತುಬಿಟ್ಟ.

ಏರು ಮುಗಿದ ಮೇಲೆ ಅವಳು ಗಾಡಿ ನಿಲ್ಲಿಸಿದಳು. ಅಣ್ಣ ಹಿಂದೆ ಬರಲಿಲ್ಲ.

ಸೂಗಪ್ಪ ಎಡಗೈಯಿಂದ ಅವಳ ಕೂದಲಿನ ಗಾಜಿನ ಚೂರು ಒಂದೊಂದೇ ಆರಿಸಿ ತೆಗೆದ. ಕಿವಿಯ ಹತ್ತಿರ ಬಂದಾಗ ಅವನ ಬೆರಳು ನಿಧಾನವಾಯಿತು.

"ಗಾಡಿ ಸುಮ್ಮನಾತು," ಎಂದ. "ಇನ್ನ ನೀ ಬಂದದ್ದು ನನಗ ಹ್ಯಾಂಗ ಗೊತ್ತಾಗಬೇಕು?"

ಅವನ ಬಾಯಲ್ಲಿ ಮೊದಲ ಸಲ ಬಂದ ಆ 'ನೀ' ಅವಳಿಗೆ ಕೇಳಿಸಿತು. ರಕ್ತವಾಗಿದ್ದ ಅವನ ಕೈಯನ್ನು ಎತ್ತಿ, ಅಣ್ಣ ಹೊಡೆದಿದ್ದ ಕೆನ್ನೆಗೆ ಮೆತ್ತಗೆ ಒತ್ತಿಕೊಂಡಳು.

"ದಿನಾ ಬಾಜೂಕ ಕುಂತಾವಗ ಅವಾಜ್ ಯಾಕ ಬೇಕು?"

ಗೊನೆ ಬಾಡುವ ಮುಂಚೆ ಕಲಬುರಗಿ ಮುಟ್ಟಬೇಕಿತ್ತು. ಗಾಜಿಲ್ಲದ ಮುಂಭಾಗದಿಂದ ಗಾಳಿ ಇಬ್ಬರ ಮುಖಕ್ಕೂ ಬಡಿಯತೊಡಗಿದಾಗ ಅವಳು ಗೇರ್ ಬದಲಾಯಿಸಿದಳು.