ಹೆಸರು ಕೆತ್ತಿದವರ ಕೋಟೆ

ಬಹಳ ಕಾಲದ ಹಿಂದೆ, ನೀಲಗಾವಿ ಎಂಬ ರಾಜ್ಯದಲ್ಲಿ, ಬೆಟ್ಟದ ನೆತ್ತಿಯ ಮೇಲೆ ಒಂದು ಹಳೆಯ ಕೋಟೆಯಿತ್ತು. ಸಾವಿರ ಕಲ್ಲುಕುಟಿಗರು ಕಟ್ಟಿದ ಕೋಟೆ. ಒಬ್ಬನೂ ತನ್ನ ಹೆಸರು ಕೆತ್ತಿರಲಿಲ್ಲ. ಕೆತ್ತಿದವನು ಯಾರು? ಕರಾಳಕನೆಂಬ ಮಾಂತ್ರಿಕ! ಒಂದು ಕಲ್ಲು ಹೊತ್ತವನಲ್ಲ, ಒಂದು ಬುಟ್ಟಿ ಗಾರೆ ಕಲಸಿದವನಲ್ಲ. ಒಳಗೋಡೆಯ ನಟ್ಟನಡುವೆ ತನ್ನ ಹೆಸರು ಕೊರೆದು, ಕೋಟೆ ನನ್ನದೆಂದು ಕೂತುಬಿಟ್ಟ. ಅದರ ಸುತ್ತ ಯಾರ ಹೆಸರು ಬಿದ್ದರೂ ಅವರು ಸಂಜೆಯೊಳಗೆ ಕಲ್ಲಾಗಲಿ ಎಂದು ಮಂತ್ರ ಹಾಕಿದ. ಕೋಟೆ ನೋಡಲು ಬಂದ ಜನವೋ, ಕೈಗೊಂದು ಮೊಳೆ ಸಿಕ್ಕರೆ ಸಾಕು, ಕೆತ್ತಿದ್ದೇ ಕೆತ್ತಿದ್ದು!

ಬೆಟ್ಟದ ಬುಡದಲ್ಲಿ ದುರುಗವ್ವ ಎಂಬವಳಿದ್ದಳು. ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ಅವಳ ಕಸುಬು. ಒಂದು ದಿನ ಅವಳ ಗಂಡ ದ್ಯಾಮಣ್ಣ ಕೋಟೆ ನೋಡಲು ಹೋದ. ಮಧ್ಯಾಹ್ನ ಮನೆಯಲ್ಲಿದ್ದ ದುರುಗವ್ವನ ಕಾಲ್ಬೆರಳು ಕಲ್ಲಾಯಿತು.

"ಅಯ್ಯೋ ಪುಣ್ಯಾತ್ಮ, ನನ್ನ ಹೆಸರನ್ನೂ ಕೆತ್ತಿದಿರಾ!" ಎಂದು ಸಿಡುಕುತ್ತ, ಉಳಿ ಸುತ್ತಿಗೆ ಹಿಡಿದು ಬೆಟ್ಟ ಹತ್ತಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ ಅಡ್ಡ ಬಂತು. "ಇಲ್ಲಿ ಹೆಸರು ಕೆತ್ತು, ದಾರಿ ಬಿಡುತ್ತೇನೆ."

"ನಿಮ್ಮಪ್ಪನ ಮನೆ ಗೋಡೆಯೇನೋ ಇದು?" ದುರುಗವ್ವ ಅದರ ಹಲ್ಲಿಗೆ ಉಳಿಯಿಟ್ಟಳು. ಹುಲಿ ಬಾಲ ಮುದುರಿ ಸರಿಯಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹಾವು. ಅಷ್ಟರಲ್ಲಿ ಅವಳ ಮಂಡಿಯವರೆಗೂ ಕಲ್ಲು. "ಇಲ್ಲಿ ಹೆಸರು ಕೆತ್ತು, ಕಾಲು ವಾಸಿ ಮಾಡುತ್ತೇನೆ."

"ನಿಮ್ಮಪ್ಪನ ಮನೆ ಗೋಡೆಯೇನೋ ಇದು?" ಹಾವು ಬಿಲ ಸೇರಿತು.

ಕಲ್ಲಾದ ಕಾಲೆಳೆಯುತ್ತ ಮೂರನೆಯ ಬಾಗಿಲು ದಾಟಿದರೆ ಅಂಗಳದ ತುಂಬ ಕಲ್ಲಾದ ಜನ. ಮದುಮಕ್ಕಳು, ಮುದುಕಿಯರು, ಕೊನೆಯಲ್ಲಿ ಕುತ್ತಿಗೆಯವರೆಗೆ ಕಲ್ಲಾದ ದ್ಯಾಮಣ್ಣ. ಒಳಗೋಡೆಯ ಮುಂದೆ ಕೂತಿದ್ದ ಕರಾಳಕ ನಕ್ಕ. "ನಿಮ್ಮಿಬ್ಬರ ಹೆಸರು ಅಳಿಸಿಕೊಂಡು ಹೋಗು. ಉಳಿದವರ ಗೊಡವೆ ನಿನಗೇಕೆ?"

ದುರುಗವ್ವನಿಗೆ ಮೈಯೆಲ್ಲ ಉರಿದುಹೋಯಿತು. "ನಾಚಿಕೆಯಾಗಬೇಕು ನಿನಗೆ! ಇವರೂ ಯಾರದೋ ಮನೆಯ ಮಕ್ಕಳಲ್ಲವೇನೋ? ನನ್ನ ಕಸುಬಲ್ಲಿ ಕಲ್ಲು ಕುಟ್ಟುವುದು ನಡುವಿನಿಂದ, ಅಂಚಿನಿಂದಲ್ಲ!"

ಗೋಡೆಯ ನಡುವೆ ಇದ್ದದ್ದು ಅವನದೇ ಹೆಸರು. ಸೊಂಟದವರೆಗೆ ಕಲ್ಲಾದರೂ ಕೈ ನಿಲ್ಲಿಸದೆ ಕುಟ್ಟಿದಳು. ಕೊನೆಯ ಅಕ್ಷರ ಉದುರಿದ್ದೇ ತಡ, ಕರಾಳಕ ಪುಡಿಪುಡಿಯಾಗಿ ಗಾಳಿಗೆ ಹೋದ. ಕಲ್ಲಾದವರೆಲ್ಲ ಮೈಮುರಿದು ಎದ್ದರು.

ದ್ಯಾಮಣ್ಣ ಕಣ್ಣೊರೆಸಿಕೊಂಡು ಹೇಳಿದ, "ಎಂಥ ಕೆಲಸ ಮಾಡಿದೆಯೇ! ಮೂಲೆಯಲ್ಲಿ ಸಣ್ಣದಾಗಿ ನಿನ್ನ ಹೆಸರೊಂದು..."

ಅಂಗಳದಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ ಕೂಗಿದರು, "ನಿಮ್ಮಪ್ಪನ ಮನೆ ಗೋಡೆಯೇನ್ರೀ ಇದು?"

ಅಂದಿನಿಂದ ನೀಲಗಾವಿಯ ಜನ ಬರಿಗೈಲಿ ಕೋಟೆ ಹತ್ತಿ, ಕಣ್ತುಂಬ ನೋಡಿ, ಇಳಿದು ಬಂದು ಸುಖವಾಗಿದ್ದರು.