ಅವಳಿಗೆ ಬರೆದ ಹಾಡು

"ಆ ಹಾಡು ಆಫ್ ಮಾಡಿ."

"ಯಾಕೆ ಸಾರ್? ಸಣ್ಣಗೇ ಇಟ್ಟಿದ್ದೀನಲ್ಲ..."

"ಆಫ್ ಮಾಡಿ ಅಂದೆ."

ಡ್ರೈವಿಂಗ್ ಸ್ಕೂಲಿನ ಹಳೆಯ ಬಿಳಿ ಕಾರಿನಲ್ಲಿ ಅದು ಅವಳ ಮೊದಲ ಕ್ಲಾಸು. ಸ್ಟೀರಿಂಗ್ ಹಿಡಿದ ಅಂಗೈಯೆಲ್ಲ ಬೆವರು. ಧೈರ್ಯಕ್ಕಿರಲಿ ಎಂದು ಫೋನಿನಲ್ಲಿ ತನ್ನ ಪ್ರಾಣದಂಥ ಹಾಡು ಹಾಕಿಕೊಂಡಿದ್ದಳು. ಪಕ್ಕದಲ್ಲಿ ಕೂತು ಕಲಿಸುತ್ತಿದ್ದವನು ಅವಳ ಮುಖವನ್ನೂ ನೋಡದೆ ಕೈ ಚಾಚಿ ತಾನೇ ಅದನ್ನು ನಿಲ್ಲಿಸಿಬಿಟ್ಟ.

'ಅಬ್ಬಾ, ಎಷ್ಟು ಕೊಬ್ಬು ಇವನಿಗೆ!'

"ನಿಮಗೆ 'ಬರಿಗಾಲು' ಬ್ಯಾಂಡ್ ಇಷ್ಟ ಇಲ್ವಾ? ಊರಿಗೆ ಊರೇ ಕೇಳುತ್ತೆ!"

"ಊರು ಕೇಳಲಿ. ನೀವು ರಸ್ತೆ ನೋಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಕಾಲು ಒತ್ತಿದಳು... ಬ್ರೇಕ್ ಮೇಲೆ! ಕಾರು ಮುಗ್ಗರಿಸಿ ನಿಂತಿತು. ಅವನ ಹಣೆ ಗಾಜಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಬೈಗುಳಕ್ಕೆ ಕಾದು ಕುಳಿತಳು. ಆದರೆ ಅವನು ನಕ್ಕುಬಿಟ್ಟ. ಗಡ್ಡವಿಲ್ಲದ ಆ ಗಂಭೀರ ಮುಖದಲ್ಲಿ ಅಂಥ ನಗು ಎಲ್ಲಿ ಅಡಗಿತ್ತೋ!

"ಭಲೇ, ಬ್ರೇಕಮ್ಮ," ಎಂದ.

ಅಂದಿನಿಂದ ಅವಳು ಬ್ರೇಕಮ್ಮ. ಅವನು ಮೇಷ್ಟ್ರು.

ಅವಳ ಕೆಲಸ ಬೇಕರಿಯಲ್ಲಿ. ಕ್ರೀಮ್ ತುಂಬಿದ ಕೋನ್ ಹಿಡಿದು ಕೇಕ್‌ಗಳ ಮೇಲೆ ಹೆಸರು, ಹಾರೈಕೆ ಬರೆಯುವುದು. ಡೆಲಿವರಿ ವ್ಯಾನನ್ನೂ ತಾನೇ ಓಡಿಸುತ್ತೇನೆಂದು ಓನರ್ ಹತ್ತಿರ ಜಂಬ ಕೊಚ್ಚಿಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಳು. ಲೈಸೆನ್ಸ್ ಕೈಗೆ ಬಂತು, ವ್ಯಾನೂ ಕೈಗೆ ಬಂತು. ಆದರೆ ಕ್ಲಾಸು ಮಾತ್ರ ಮುಗಿಯಲಿಲ್ಲ. ಭಾನುವಾರದ ಖಾಲಿ ರಸ್ತೆಗಳಲ್ಲಿ ರಿವರ್ಸ್ ಕಲಿಯುವ ನೆಪದಲ್ಲಿ ಇಬ್ಬರೂ ಬಹಳ ಮುಂದಕ್ಕೆ ಹೋಗಿದ್ದರು.

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಒಂದು ಸಂಜೆ ಅವನು ಅಲ್ಲಿಗೇ ಬಂದು, ಭಾವನ ಎದುರು ಕುರ್ಚಿಯ ತುದಿಯಲ್ಲಿ ಕೂತು, "ನಿಮ್ಮ ನಾದಿನೀನ ನನಗೆ ಕೊಡ್ತೀರಾ?" ಎಂದು ಕೇಳಿದ್ದ. ಭಾವ ಗಂಭೀರವಾಗಿ, "ಕಾರಿಗೆ ಇನ್ಶೂರೆನ್ಸ್ ಇದೆಯಾ?" ಎಂದಿದ್ದ. ಮನೆಯವರೆಲ್ಲ ಒಪ್ಪಿದ್ದರು. ಮದುವೆಗೆ ದಿನ ನೋಡುವುದಷ್ಟೇ ಬಾಕಿ.

ಎಲ್ಲವೂ ಚೆನ್ನಾಗಿತ್ತು. ಆ ಹಾಡೊಂದನ್ನು ಬಿಟ್ಟು!

'ಬರಿಗಾಲು' ಊರೂರು ಸುತ್ತುವ ಬ್ಯಾಂಡ್. ಎರಡು ಗಿಟಾರು, ಒಂದು ಪಿಟೀಲು, ಬೆರಳಲ್ಲಿ ಬಡಿಯುವ ಒಂದು ಮರದ ಪೆಟ್ಟಿಗೆ... ಅಷ್ಟೇ. ಎಲ್ಲರೂ ಚಪ್ಪಲಿ ಬಿಟ್ಟು ವೇದಿಕೆ ಹತ್ತುತ್ತಾರೆ. ನಡುವೆ ಹಾಡುಗಾರ್ತಿ. ಅಭಿಮಾನಿಗಳು ಅವಳನ್ನು ಪ್ರೀತಿಯಿಂದ ಕರೆಯುವುದು 'ಗುಬ್ಬಿ' ಎಂದು, ಅವರ ಎಲ್ಲಕ್ಕಿಂತ ದೊಡ್ಡ ಹಾಡಿನಲ್ಲಿ ಬರುವ ಹೆಸರು ಅದು.

*ಬಾಗಿಲು ತೆರೆದಿಟ್ಟದ್ದು ಗಾಳಿಗಲ್ಲ, ಗುಬ್ಬಿ...*

ಈ ಒಂದು ಸಾಲಿಗೆ ಬ್ರೇಕಮ್ಮ ಎಷ್ಟು ಸಲ ಅತ್ತಿದ್ದಳೋ! ಆ ಬ್ಯಾಂಡ್ ಈಗ ಮೊದಲ ಸಲ ಅವಳ ಊರಿಗೆ ಬರುತ್ತಿತ್ತು. ಬಸ್ ಸ್ಟ್ಯಾಂಡ್ ಗೋಡೆ ತುಂಬ ಪೋಸ್ಟರ್. ಬೇಕರಿಗೆ ಬಂದವರ ಬಾಯಲ್ಲೆಲ್ಲ ಅದೇ ಮಾತು. ಅವಳು ಮೂರು ಟಿಕೆಟ್ ತೆಗೆದುಕೊಂಡು ಓಡೋಡಿ ಬಂದಿದ್ದಳು. ತನಗೊಂದು, ಅಕ್ಕನಿಗೊಂದು, ಅವನಿಗೊಂದು.

"ನಾನು ಬರಲ್ಲ. ನೀವಿಬ್ಬರೂ ಹೋಗಿಬನ್ನಿ," ಎಂದಿದ್ದ ಅವನು. ಕಾರಣ ಕೇಳಿದ್ದಕ್ಕೆ ಕಾರಿನ ಕನ್ನಡಿ ಒರೆಸುತ್ತ ನಿಂತ.

ಕಾರಣ ಗೊತ್ತಾಗಿದ್ದು ಬೇಕರಿಯಲ್ಲಿ.

ಎದುರಿನ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ ಅಭಿಮಾನಿ ಬಳಗದ ಮುಖಂಡೆ. ಗುಬ್ಬಿಗೆ ಸ್ವಾಗತದ ಕೇಕ್ ಮಾಡಿಸಲು ಬಂದಿದ್ದಳು.

"ಅಕ್ಕಾ, ಮೇಲೆ ಆ ಹಾಡಿನ ಸಾಲೇ ಬರೀಬೇಕು. ಪಕ್ಕದಲ್ಲಿ ಈ ಫೋಟೋ. ಬ್ಯಾಂಡ್ ಶುರುವಾದಾಗಿನದು... ನೋಡಿ, ಎಷ್ಟು ಕಷ್ಟಪಟ್ಟು ಹುಡುಕಿದ್ದೀನಿ!"

ಫೋನಿನಲ್ಲಿ ಒಂದು ಹಳೆಯ ವ್ಯಾನು. ಬಾನೆಟ್ ಮೇಲೆ ಗುಬ್ಬಿ ಕೂತಿದ್ದಾಳೆ. ಅವಳ ತಲೆ ಒಬ್ಬ ಗಡ್ಡದವನ ಹೆಗಲ ಮೇಲಿದೆ. ಅವನು ನಗುತ್ತಿದ್ದಾನೆ...

ಆ ನಗು!

"ಇ... ಇವರು ಯಾರು?"

"ಅಯ್ಯೋ, ಗೊತ್ತಿಲ್ವಾ? ಆ ಹಾಡು ಬರೆದದ್ದೇ ಇವನಂತೆ! ಗುಬ್ಬಿಗೋಸ್ಕರ! ಅವಳನ್ನ ಮೊದಲು ಗುಬ್ಬಿ ಅಂತ ಕರೆದದ್ದೂ ಇವನೇ. ಆಮೇಲೆ ಎಲ್ಲಿ ಹೋದನೋ... ಎಂಥಾ ಪ್ರೀತಿ ಅಲ್ವಾ ಅಕ್ಕಾ?"

"ಹೂಂ," ಎಂದಳು ಅವಳು. "ಎಂಥಾ ಪ್ರೀತಿ."

ಕೈಯಲ್ಲಿದ್ದ ಕೋನ್ ಹಿಚುಕಿಹೋಗಿ ಕ್ರೀಮ್ ಮೊಣಕೈವರೆಗೆ ಹರಿಯುತ್ತಿತ್ತು.

ಇಷ್ಟು ವರ್ಷ ತಾನು ಎದೆಗೆ ಅಪ್ಪಿಕೊಂಡು ಮಲಗಿದ ಹಾಡು... ತನ್ನವನು ಇನ್ನೊಬ್ಬಳಿಗೆ ಬರೆದ ಹಾಡು!

ಆ ಸಂಜೆ ಅವಳು ನೇರ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಾರಿನಲ್ಲಿ ಅವನ ಪಕ್ಕ ಕೂತಳು.

"ಗುಬ್ಬಿ ಯಾರು?"

ಅವನು ಇಂಜಿನ್ ಆಫ್ ಮಾಡಿದ.

"ಯಾರು ಹೇಳಿದ್ರು?"

"ಅಂದ್ರೆ ನಿಜ!"

"ನಿಜ. ಹಾಡು ನಾನೇ ಬರೆದದ್ದು. ಅವಳಿಗೇ ಬರೆದದ್ದು."

ಇಲ್ಲ ಅನ್ನುತ್ತಾನೆ ಎಂದುಕೊಂಡಿದ್ದಳು. ಜಗಳಕ್ಕೆ ಬೇಕಾದ ಮಾತೆಲ್ಲ ಜೋಡಿಸಿಕೊಂಡು ಬಂದಿದ್ದಳು. ಈಗ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

"ಅವರ ವ್ಯಾನ್ ಓಡಿಸ್ತಿದ್ದೆ. ಗಿಟಾರ್ ಬಾರಿಸ್ತಿದ್ದೆ. ನಾನೂ ಅವಳೂ... ಮದುವೆ ಮಾತೂ ಆಗಿತ್ತು. ಅವಳಿಗೆ ಬೇಡ ಅನ್ನಿಸ್ತು. ಆಮೇಲೆ ನನಗೆ ಅಲ್ಲಿರೋಕೆ ಆಗಲಿಲ್ಲ. ಹಾಡನ್ನ ಅವರಿಗೇ ಬಿಟ್ಟು ಬಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಮೊದಲ ದಿನಾನೇ ಅದೇ ಹಾಡು ಹಾಕ್ಕೊಂಡು ಬಂದೆ ನೀನು. ಏನಂತ ಹೇಳಲಿ?"

"ಸರಿ. ನನ್ನ ಮೇಲೆ ಏನಾದ್ರೂ ಬರೆದಿದ್ದೀರಾ? ಒಂದು ಹಾಡು? ಹೋಗಲಿ... ಒಂದು ಸಾಲು?"

ಅವನು ತಲೆ ತಗ್ಗಿಸಿದ.

"ಇಲ್ಲ."

"ಅವಳು ಗುಬ್ಬಿ! ನಾನು ಬ್ರೇಕಮ್ಮ!" ಅವಳ ದನಿ ಒಡೆಯಿತು. "ಅವಳನ್ನ ನೋಡೋ ಧೈರ್ಯ ಇಲ್ಲ ನಿಮಗೆ. ಅದಕ್ಕೇ ಟಿಕೆಟ್ ಬೇಡ ಅಂದ್ರಿ. ಇನ್ನೂ ಅವಳೇ ಇದ್ದಾಳೆ ಅಲ್ವಾ ಮನಸ್ಸಲ್ಲಿ?"

ಅವನು ಉತ್ತರ ಹುಡುಕುತ್ತಿದ್ದ. ಮೊದಲೇ ಮಾತು ನಿಧಾನ. ಅವಳಿಗೆ ಕಾಯುವಷ್ಟು ವ್ಯವಧಾನ ಇರಲಿಲ್ಲ. ಕಾರಿನ ಬಾಗಿಲು ಧಡಾರನೆ ಹಾಕಿಕೊಂಡು ಹೊರಟೇಬಿಟ್ಟಳು.

ಆಮೇಲಿನ ದಿನಗಳಲ್ಲಿ ಅವನ ಫೋನ್ ಎತ್ತಲಿಲ್ಲ. ಎತ್ತದೆ, ಅದೇ ಫೋನಿನಲ್ಲಿ ಗುಬ್ಬಿಯ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಮೂಗು ಚೂಪು. ಕಣ್ಣು ದೊಡ್ಡದು. ಕುತ್ತಿಗೆಯೇನು, ಕೂದಲೇನು!

"ಹಲ್ಲು ಸ್ವಲ್ಪ ಉಬ್ಬು ಅಲ್ವಾ ಅಕ್ಕ?"

ಬಟ್ಟೆ ಮಡಚುತ್ತಿದ್ದ ಅಕ್ಕ ಬಗ್ಗಿ ನೋಡಿದಳು. "ಇಲ್ಲ ಕಣೇ. ಚೆನ್ನಾಗೇ ಇದ್ದಾಳೆ."

"ನೀನು ಯಾರ ಕಡೆ?"

"ನಿನ್ನ ಕಡೆನೇ. ಅದಕ್ಕೇ ಹೇಳ್ತೀನಿ, ಹೊಟ್ಟೆ ಉರ್ಕೊಳ್ಳೋದಾದ್ರೆ ಊಟ ಮಾಡಿ ಉರ್ಕೋ. ಅವನು ಸುಳ್ಳು ಹೇಳಿದ್ನಾ?"

"ಇಲ್ಲ... ಸುಳ್ಳಾದ್ರೂ ಹೇಳಬಾರದಿತ್ತಾ!"

ಅಕ್ಕ ನಕ್ಕಳು. ಇವಳಿಗೆ ಅಳು ಬಂತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಕೇಕ್ ಎದುರಿಗಿಟ್ಟುಕೊಂಡು ಕೂತಳು. ತನ್ನವನ ಪ್ರೀತಿಯ ಮಾತನ್ನು, ಇನ್ನೊಬ್ಬಳಿಗಾಗಿ, ತನ್ನ ಕೈಯಾರೆ ಬರೆಯಬೇಕು! 'ಬಾಗಿಲು ತೆರೆದಿಟ್ಟದ್ದು ಗಾಳಿಗಲ್ಲ' ಎಂದು ಮುತ್ತು ಪೋಣಿಸಿದ ಹಾಗೆ ಬರೆದಳು. ಕೊನೆಯ ಪದ ಬಂತು. ಕೈ ತನ್ನಷ್ಟಕ್ಕೇ ಹೋಯಿತು.

'ಗೂಬೆ.'

ಒಂದು ಕ್ಷಣ... ಆಹಾ, ಎಂಥ ನೆಮ್ಮದಿ!

ಆಮೇಲೆ ನಿಟ್ಟುಸಿರುಬಿಟ್ಟು, ಚಾಕುವಿನಿಂದ ಅದನ್ನು ಮೆಲ್ಲಗೆ ಕೆರೆದು, 'ಗುಬ್ಬಿ' ಎಂದು ತಿದ್ದಿದಳು.

ಸಂಜೆ ಸಭಾಂಗಣದ ಮುಂದೆ ಜನವೋ ಜನ. ಅಕ್ಕ ಸೀಟು ಹಿಡಿಯಲು ಹೋದಳು. ಇವಳು ಕೇಕ್ ಹೊತ್ತು ಹಿಂದಿನ ಕೋಣೆಗೆ ಹೋದಳು. ಮೆಡಿಕಲ್ ಶಾಪಿನ ಹುಡುಗಿ ಗುಬ್ಬಿಯ ಎದುರು ಹೋಗಲು ನಾಚಿಕೆಯೆಂದು ಬಾಗಿಲಲ್ಲೇ ನಿಂತುಬಿಟ್ಟಳು.

ಒಳಗೆ ಗುಬ್ಬಿ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಬಿಸಿನೀರು ಕುಡಿಯುತ್ತಿದ್ದಳು. ಮೂಗು ಕೆಂಪಗಾಗಿತ್ತು. ನೆಗಡಿ! ಬರಿಯ ಪಾದಗಳ ಹಿಮ್ಮಡಿ ಒಡೆದಿತ್ತು. ಫೋಟೋದಲ್ಲಿ ಕಂಡವಳಿಗಿಂತ ಗಿಡ್ಡ.

"ಅಯ್ಯೋ, ಎಷ್ಟು ಚೆಂದ ಅಕ್ಷರ! ನೀವೇ ಬರೆದ್ರಾ?"

"ಹೂಂ." ತಡೆಯಲಾಗಲಿಲ್ಲ ಅವಳಿಗೆ. "ಈ ಹಾಡು ನಿಮಗೇ ಬರೆದದ್ದಂತೆ... ದಿನಾ ಹಾಡುವಾಗ ಹೆಮ್ಮೆ ಅನ್ನಿಸುತ್ತಾ?"

ಗುಬ್ಬಿ ಮೂಗು ಒರೆಸಿಕೊಂಡು ಕೇಕಿನ ಮೇಲಿನ ಫೋಟೋ ನೋಡಿದಳು.

"ಹೆಮ್ಮೆನಾ? ಪ್ರತಿ ಊರಲ್ಲೂ ಜನರ ಮುಂದೆ ನಿಂತು, ಅವನು ತೆರೆದಿಟ್ಟ ಬಾಗಿಲಿಗೆ ನಾನು ಹೋಗಲಿಲ್ಲ ಅನ್ನೋ ದೂರನ್ನ ನಾನೇ ರಾಗವಾಗಿ ಹಾಡ್ತೀನಿ. ಜನ ಚಪ್ಪಾಳೆ ಹೊಡೀತಾರೆ." ಸಣ್ಣಗೆ ನಕ್ಕಳು. "ಒಳ್ಳೆಯವನು ಅವನು. ಎಲ್ಲಿದ್ದಾನೋ, ಸುಖವಾಗಿದ್ದರೆ ಸಾಕು."

'ಇಲ್ಲೇ ಇದ್ದಾನೆ. ನಾನು ಸುಖವಾಗಿ ಇಟ್ಟಿಲ್ಲ,' ಎಂದು ಒಳಗೇ ಅಂದುಕೊಂಡಳು ಅವಳು. ದ್ವೇಷಿಸಲು ಬಂದವಳಿಗೆ ದ್ವೇಷಿಸಲೂ ಬಿಡಲಿಲ್ಲ ಆ ಹೆಂಗಸು!

ದೀಪ ಮಂದವಾಯಿತು. ಗಿಟಾರಿನ ಮೊದಲ ತಂತಿ ಮಿಡಿದಾಗ ಇಡೀ ಸಭಾಂಗಣ ಉಸಿರು ಹಿಡಿಯಿತು. ನೆಗಡಿಯ ದನಿಯಲ್ಲೂ ಗುಬ್ಬಿ ಹಾಡಿದ್ದು ಎದೆಗೇ ಇಳಿಯುತ್ತಿತ್ತು. ಕೊನೆಗೆ ಆ ಹಾಡು ಬಂತು.

*ಬಾಗಿಲು ತೆರೆದಿಟ್ಟದ್ದು ಗಾಳಿಗಲ್ಲ...*

ಪಕ್ಕದಲ್ಲಿ ಅಕ್ಕ ಅಳುತ್ತಿದ್ದಳು. ತೀರಿಹೋದ ಅಪ್ಪನನ್ನು ನೆನೆದು ಎಂದು ಕೇಳದೆಯೇ ಗೊತ್ತಾಯಿತು. ಮುಂದಿನ ಸಾಲಿನ ಮುದುಕರೊಬ್ಬರು ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುತ್ತಿದ್ದರು. ಅವರ ಕಣ್ಣೆದುರು ಯಾರಿದ್ದರೋ... ಅಲ್ಲಿದ್ದ ಒಬ್ಬರಿಗೂ ಆ ಗಡ್ಡದವನು ಬೇಕಿರಲಿಲ್ಲ. ಹಾಡು ಕೇಳಿದವರೆಲ್ಲ ತಂತಮ್ಮವರನ್ನು ಕರೆದುಕೊಂಡು ಬಂದಿದ್ದರು.

ಅವಳು ಕಣ್ಣು ಮುಚ್ಚಿದಳು. ಅವಳಿಗೂ ಒಂದು ಮುಖ ಕಂಡಿತು. ಕನ್ನಡಿ ಒರೆಸುತ್ತ, ಮಾತಿಗಾಗಿ ತಡಕಾಡುತ್ತ ನಿಂತ ಮುಖ.

ಹೊಟ್ಟೆಕಿಚ್ಚು ಆರಿತ್ತಾ? ಇಲ್ಲ! ಆದರೆ ಆ ಕಿಚ್ಚಿನಲ್ಲಿ ತಾನು ಯಾರನ್ನು ಸುಡುತ್ತಿದ್ದೇನೆಂದು ಈಗ ಕಾಣಿಸಿತು.

ವರ್ಷಗಟ್ಟಲೆ ಕಾದ ಹಾಡು ಇನ್ನೂ ಅರ್ಧದಲ್ಲಿತ್ತು. ಅವಳು ಎದ್ದು ನಿಂತಳು.

"ಎಲ್ಲಿಗೇ?" ಅಕ್ಕ ಪಿಸುಗುಟ್ಟಿದಳು.

"ಮೇಷ್ಟ್ರ ಹತ್ತಿರ."

"ಗೇಟಿನ ಹತ್ತಿರಾನೇ ಇರ್ತಾನೆ, ನೋಡು. ನಾನೇ ಫೋನ್ ಮಾಡಿ ಬರೋಕೆ ಹೇಳಿದ್ದೆ," ಎಂದು ಅಕ್ಕ ಮೂಗು ಸೀಟಿಕೊಂಡಳು.

ಅವನು ಗೇಟಿನಾಚೆ ಬಿಳಿ ಕಾರಿಗೆ ಒರಗಿ ನಿಂತಿದ್ದ. ಅವಳನ್ನು ಕಂಡು ನೆಟ್ಟಗಾದ. ಒಳಗಿನ ಹಾಡು ಅಲ್ಲಿಗೂ ತೆಳ್ಳಗೆ ಕೇಳುತ್ತಿತ್ತು. ಇಷ್ಟೆಲ್ಲ ಮನಸ್ಸು ಕರಗಿ ಬಂದವಳ ಬಾಯಿಂದ ಮೊದಲು ಬಿದ್ದದ್ದು ಮಾತ್ರ ಬೇರೆಯೇ.

"ಹಾಡು ಕೇಳೋಕೆ ಬಂದ್ರಾ?"

"ನಿನ್ನನ್ನ ನೋಡೋಕೆ ಬಂದೆ. ಹಾಡು ಮುಗಿಯೋವರೆಗೂ ಕಾಯಬೇಕು ಅಂದ್ಕೊಂಡಿದ್ದೆ... ಅರ್ಧಕ್ಕೇ ಎದ್ದು ಬಂದ್ಯಾ?"

"ಹೂಂ."

"ಅಷ್ಟು ದಿನದಿಂದ ಕಾಯ್ತಿದ್ದೆಯಲ್ಲ!"

"ನಿಮ್ಮ ಉತ್ತರಕ್ಕೂ ಕಾಯಬೇಕಿತ್ತು ಅವತ್ತು. ಕಾಯಲಿಲ್ಲ. ಈಗ ಹೇಳಿ. ಎಷ್ಟು ಹೊತ್ತಾದ್ರೂ ತಗೊಳ್ಳಿ."

ಅವನು ನಿಧಾನವಾಗಿಯೇ ಶುರುಮಾಡಿದ.

"ಅವಳು ನನ್ನ ಜೊತೆ ಇದ್ದಷ್ಟು ದಿನ ಒಂದು ಸಾಲೂ ಬರೀಲಿಲ್ಲ ನಾನು. ಅವಳು ನನ್ನ ಬಿಟ್ಟು ಹೋದ ಮೇಲೆ ಒಂದೇ ಸಂಜೇಲಿ ಆ ಹಾಡು ಬಂತು. ಈಗ ಅವಳು ನನ್ನ ಮನಸ್ಸಲ್ಲಿ ಇಲ್ಲ. ಆ ಹಾಡು ಕೇಳಿದ್ರೆ ನೆನಪಾಗೋದು ಅವಳಲ್ಲ... ಆವತ್ತು ಖಾಲಿ ವ್ಯಾನಲ್ಲಿ ಒಬ್ಬನೇ ಕೂತಿದ್ದ ನಾನು. ಅವನನ್ನ ನೋಡೋ ಧೈರ್ಯ ಇಲ್ಲ ನನಗೆ."

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಅವನೇ ಮುಂದುವರಿಸಿದ.

"ಈ ವಾರ ನೀನು ಫೋನ್ ಎತ್ತಲಿಲ್ಲ ನೋಡು... ನಿನ್ನೆ ಎರಡು ಸಾಲು ಬಂತು. ನಿನ್ನ ಮೇಲೆ."

"ಏನು?" ಅವಳ ಕಣ್ಣು ಅರಳಿತು. "ನನ್ನ ಮೇಲಾ? ಎಲ್ಲಿ?"

"ಹರಿದು ಹಾಕಿದೆ."

"ಯಾಕೆ! ಚೆನ್ನಾಗಿರಲಿಲ್ವಾ?"

"ತುಂಬಾ ಚೆನ್ನಾಗಿತ್ತು. ಅದಕ್ಕೇ ಭಯ ಆಯ್ತು. ಹಾಡು ಬರ್ತಿದೆ ಅಂದ್ರೆ ನೀನು ಹೋಗ್ತಿದ್ದೀಯ ಅಂತ ಅಲ್ವಾ? ನನಗೆ ಇನ್ನೊಂದು ಒಳ್ಳೇ ಹಾಡು ಬೇಡ. ನೀನು ಬೇಕು. ದಿನಾ ಬೇಕು. ಜಗಳ ಆಡ್ಕೊಂಡಾದ್ರೂ ಇರು..."

ಒಳಗೆ ಚಪ್ಪಾಳೆ ಮಳೆಯಂತೆ ಸುರಿಯಿತು. ಅದು ಯಾರಿಗೋ ಏನೋ, ಅವಳಿಗೆ ಕೇಳಿಸಲೇ ಇಲ್ಲ. ಮುಂದೆ ಬಂದು ಅವನ ಎದೆಗೆ ಹಣೆ ಒತ್ತಿ ನಿಂತಳು. ಅವನ ಕೈ ಅವಳ ಬೆನ್ನಿನ ಮೇಲೆ ನೆಲೆಯಾಯಿತು.

"ಹಾಗಾದ್ರೆ ಜೀವಮಾನ ಪೂರ್ತಿ ನನಗೆ ಒಂದು ಹಾಡೂ ಇಲ್ಲ?"

"ಇಲ್ಲ."

"ಅವಳಿಗೆ ಹಾಡು. ನನಗೆ ನೀವು. ಅಷ್ಟೇನಾ?"

"ಅಷ್ಟೇ..." ಅವನು ಅಳುಕುತ್ತ ಕೇಳಿದ, "ಅನ್ಯಾಯ ಆಯ್ತಾ?"

ಅವಳು ತಲೆ ಎತ್ತಿ, ಸಭಾಂಗಣದ ಕಡೆ ಒಮ್ಮೆ ನೋಡಿ, ಒದ್ದೆ ಕಣ್ಣಲ್ಲೇ ನಕ್ಕಳು.

"ಆಯ್ತು... ಪಾಪ, ಅವಳಿಗೆ!"